ಲಿಫ್ಟ್ ಮಾಡಿದ ಥಾರ್ ಮನೆಯ ಗ್ಯಾರೇಜಿಗೆ ಹಿಡಿಸುತ್ತಾ? ಕ್ಯಾರಿಯರ್ ಬಿಚ್ಚಿದರೆ ಮಾತ್ರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ 30×40 ಸೈಟಿನ ಮನೆ, ಮುಂದೆ ರೋಲಿಂಗ್ ಶಟರ್ ಇರುವ ಗ್ಯಾರೇಜು, 8 ಅಡಿ ಅಗಲದ ಬಾಗಿಲು, ಒಳಗೆ 9 ಅಡಿ ಅಗಲ, 16 ಅಡಿ ಉದ್ದ. ಬಾಗಿಲ ಎತ್ತರ 6 ಅಡಿ 10 ಇಂಚು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಈಗ ಗ್ಯಾರೇಜಿನ ನೆಲ ರಸ್ತೆಗಿಂತ ಒಂದು ಅಡಿ ತಗ್ಗಿನಲ್ಲಿದೆ, ನಡುವೆ ಆರು ಅಡಿಯ ಇಳಿಜಾರು, ಅದು ಮುಗಿಯುವುದು ಸರಿಯಾಗಿ ಶಟರ್ ಕೆಳಗೆ. ಗಾಡಿ ಮೂರು ಬಾಗಿಲಿನ ಮಹೀಂದ್ರಾ ಥಾರ್ ಹಾರ್ಡ್‌ಟಾಪ್. ಅದಕ್ಕೆ 2 ಇಂಚು ಲಿಫ್ಟ್ (ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎತ್ತರ ಮಾಡುವ ಕಿಟ್), 285/70 ಆರ್17 ಟೈರ್, ರೂಫ್ ಕ್ಯಾರಿಯರ್, ಅದರ ಮೇಲೊಂದು ಲೈಟ್ ಬಾರ್, ಮುಂದೆ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಯಂತ್ರ) ಕೂರಿಸುವ ಬಂಪರ್ ಹಾಕಿಸಬೇಕು ಅಂತಿದ್ದೀರಿ. ಒಳಗೆ ಹೋಗುತ್ತಾ ಅನ್ನುವುದು ಪ್ರಶ್ನೆ.

ಕ್ಯಾರಿಯರ್ ಇಟ್ಟುಕೊಂಡು ಹೋಗುವುದಿಲ್ಲ. ಅದನ್ನು ಬಿಚ್ಚಿದರೆ ಹೋಗುತ್ತದೆ, ಆದರೆ ಮೇಲೆ ಉಳಿಯುವುದು ಸುಮಾರು 6 ಸೆಂ.ಮೀ. ಮಾತ್ರ.

ಲೆಕ್ಕ ಹೀಗಿದೆ. ಕಂಪನಿಯಿಂದ ಬರುವಾಗ ಥಾರ್ ಎತ್ತರ ಸುಮಾರು 1850 ಮಿ.ಮೀ. ಲಿಫ್ಟ್ 50. ಟೈರಿನ ವಿಷಯದಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ, ಟೈರ್ ಎಷ್ಟು ದೊಡ್ಡದಾಯಿತೋ ಗಾಡಿ ಅದರ ಅರ್ಧದಷ್ಟೇ ಏಳುತ್ತದೆ. ಮೊದಲಿನ 255/65 ಆರ್18 ಟೈರಿನ ವ್ಯಾಸ 789 ಮಿ.ಮೀ., ನಿಮ್ಮ 285/70 ಆರ್17ರದ್ದು 831. ವ್ಯತ್ಯಾಸ 42, ಅದರ ಅರ್ಧ 21. ಒಟ್ಟು 1920ರ ಹತ್ತಿರ ಬಂತು. ಕ್ಯಾರಿಯರ್‌ಗೆ 130 ಹಿಡಿದರೆ 2050. ನಿಮ್ಮ ಬಾಗಿಲು 2083. ಇಲ್ಲಿಯವರೆಗೆ ನೋಡಿದರೆ ಮೂರು ಸೆಂ.ಮೀ. ಉಳಿಯಿತಲ್ಲ ಅಂತ ಖುಷಿಯಾಗುತ್ತದೆ. ನೀವೂ ಇಲ್ಲಿಗೇ ಲೆಕ್ಕ ನಿಲ್ಲಿಸಿದ್ದೀರಿ ಅಂತ ಕಾಣುತ್ತದೆ.

ಇಳಿಜಾರು ಬಿಟ್ಟುಹೋಗಿದೆ. ಮುಂದಿನ ಚಕ್ರ ಗ್ಯಾರೇಜಿನ ಸಮ ನೆಲದ ಮೇಲೆ, ಹಿಂದಿನ ಚಕ್ರ ಇನ್ನೂ ಇಳಿಜಾರಿನ ಮೇಲೆ ಇರುವಾಗ ಗಾಡಿ ಒಂದು ಹಲಗೆಯ ಥರ ಆ ತಗ್ಗಿನ ಮೇಲೆ ಅಡ್ಡ ನಿಂತಿರುತ್ತದೆ. ನಡುಭಾಗ ನೆಲದಿಂದ ಮಾಮೂಲಿಗಿಂತ ಜಾಸ್ತಿ ಎತ್ತರದಲ್ಲಿರುತ್ತದೆ, ಅದರ ಜೊತೆ ಛಾವಣಿಯೂ. ಎಷ್ಟು ಅಂತ ತಿಳಿಯಲು ವೀಲ್‌ಬೇಸನ್ನು, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವನ್ನು, ಇಳಿಜಾರಿನಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ಥಾರ್ ವೀಲ್‌ಬೇಸ್ 2450, ನಿಮ್ಮದು ಆರಕ್ಕೆ ಒಂದರ ಇಳಿಜಾರು. ಸುಮಾರು 102 ಮಿ.ಮೀ. ಬರುತ್ತದೆ. ತಗ್ಗು ಶಟರ್ ಕೆಳಗೇ ಇರುವುದರಿಂದ ಇಡೀ 102 ನಿಮ್ಮ ತಲೆಗೇ ಬೀಳುತ್ತದೆ. 1920ಕ್ಕೆ 102 ಸೇರಿದರೆ 2022, ಹೋಗುತ್ತದೆ. 2050ಕ್ಕೆ ಸೇರಿದರೆ 2152, ಹೋಗುವುದಿಲ್ಲ. ಲೈಟ್ ಬಾರ್ ಮಾತೇ ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮದು ಹಾಸನದಲ್ಲಿ ಹಳೇ ಮನೆ. ಗ್ಯಾರೇಜನ್ನು ಅಪ್ಪ ಕಟ್ಟಿಸಿದ್ದು ಅಂಬಾಸಿಡರ್ ಕಾರಿಗೆ. ಆ ಕಾರು ಥಾರ್‌ಗಿಂತ ಒಂದು ಅಡಿಗೂ ಜಾಸ್ತಿ ಉದ್ದ, ಆದರೆ ಅಗಲದಲ್ಲಿ 16 ಸೆಂ.ಮೀ., ಎತ್ತರದಲ್ಲಿ 25 ಸೆಂ.ಮೀ. ಕಡಿಮೆ. ಹಾಗಾಗಿ ನಮ್ಮಲ್ಲಿ ಉದ್ದಕ್ಕೆ ಬೇಕಾದಷ್ಟು ಜಾಗ ಇತ್ತು, ಅಗಲ ಎತ್ತರಕ್ಕೆ ಇರಲಿಲ್ಲ. ನಾನು ನನ್ನ ಥಾರನ್ನು ಟೇಪ್ ಹಿಡಿದು ಅಳೆದೆ, ಕ್ಯಾರಿಯರ್ ಸೇರಿಸಿಯೂ ಒಂದು ಬೆರಳು ಉಳಿಯುತ್ತದೆ ಅಂತ ಗೊತ್ತಾಯಿತು, ಹಾಕಿಸಿದೆ. ಮೊದಲ ಸಲ ಸಕಲೇಶಪುರದ ಕಡೆ ಹೆತ್ತೂರಿನಲ್ಲಿ ನೆಂಟರ ತೋಟಕ್ಕೆ ಹೋಗಿ ಬಂದೆವು. ನಾಲ್ಕು ಜನ, ಟೆಂಟು, ಪಾತ್ರೆ, ಫುಲ್ ಟ್ಯಾಂಕ್ ಡೀಸೆಲ್. ರಾತ್ರಿ ಹತ್ತು ಗಂಟೆಗೆ ಬಂದು ಗಾಡಿಯನ್ನು ಒಳಗೆ ಬಿಟ್ಟಾಗ ಏನೂ ತಾಗಲಿಲ್ಲ. ಬೆಳಿಗ್ಗೆ ಸಾಮಾನೆಲ್ಲ ಇಳಿಸಿ, ಒಬ್ಬನೇ ಕೂತು ರಿವರ್ಸ್ ತೆಗೆದೆ. ಕ್ಯಾರಿಯರಿನ ಹಿಂದಿನ ಪೈಪು ಶಟರಿನ ಕೆಳಪಟ್ಟಿಗೆ ಸಿಕ್ಕಿಕೊಂಡು ಪಟ್ಟಿ ಬಾಗಿತು, ಶಟರ್ ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತು. ಅಪ್ಪನ ಕಾಲದ ಶಟರು ಅದು, ಮನಸ್ಸಿಗೆ ತುಂಬಾ ನೋವಾಯಿತು.

ಆಗಿದ್ದು ಇಷ್ಟೇ. ಭಾರ ಇರುವಾಗ ಸ್ಪ್ರಿಂಗ್ ಕೂತಿರುತ್ತದೆ, ಭಾರ ಇಳಿಸಿದರೆ ಗಾಡಿ ಏಳುತ್ತದೆ. ಆಮೇಲೆ ಕೂತು ಅಳೆದೆ. ಖಾಲಿ ಗಾಡಿಗೂ ಆ ರಾತ್ರಿಯಷ್ಟು ಭಾರ ಹೇರಿದ ಗಾಡಿಗೂ ಹಿಂಭಾಗದಲ್ಲಿ 38 ಮಿ.ಮೀ., ಮುಂಭಾಗದಲ್ಲಿ 12 ಮಿ.ಮೀ. ವ್ಯತ್ಯಾಸ ಇತ್ತು. ಅವತ್ತು ಹೊರಗೆ ತೆಗೆದಿದ್ದು ಹೇಗೆಂದರೆ, ನಾಲ್ಕೂ ಟೈರಿನ ಗಾಳಿಯನ್ನು 32ರಿಂದ 15ಕ್ಕೆ ಇಳಿಸಿ, ಅಣ್ಣ, ಅತ್ತಿಗೆ, ಪಕ್ಕದ ಮನೆಯ ಇಬ್ಬರು ಹುಡುಗರನ್ನು ಹಿಂದೆ ಕೂರಿಸಿಕೊಂಡು ನಿಧಾನಕ್ಕೆ ರಿವರ್ಸ್ ತೆಗೆದೆ. ಬಂತು. ಮನೆ ಮುಂದೆಯೇ ಮತ್ತೆ ಗಾಳಿ ತುಂಬಿಸಿದೆ, ಅಷ್ಟು ಕಡಿಮೆ ಗಾಳಿಯಲ್ಲಿ ಡಾಂಬರು ರಸ್ತೆಯಲ್ಲಿ ಓಡಿಸಬಾರದು. ಇದು ಸಿಕ್ಕಿಕೊಂಡಾಗ ಮಾಡುವ ಉಪಾಯ, ದಿನಾ ಮಾಡುವುದಲ್ಲ.

ಆದ್ದರಿಂದ ಗಾಡಿಯನ್ನು ಅದು ಅತಿ ಹಗುರವಾಗಿರುವ ದಿನ ಅಳೆಯಿರಿ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ, ಒಳಗೆ ಯಾರೂ ಇಲ್ಲ, ಟೂಲ್ ಬಾಕ್ಸೂ ಇಲ್ಲ, ಟೈರಿನಲ್ಲಿ ಪೂರ್ತಿ ಗಾಳಿ. ಬಾಗಿಲನ್ನು ಅದರ ಅತಿ ತಗ್ಗಿನ ಜಾಗದಲ್ಲಿ ಅಳೆಯಿರಿ. ಈ ಎರಡು ಅಳತೆ ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ, ಕಿಟ್ ಡಬ್ಬಿಯ ಮೇಲೆ ಬರೆದ 2 ಇಂಚನ್ನೂ ನಂಬಬೇಡಿ. ವಿಂಚು, ಕಬ್ಬಿಣದ ಬಂಪರಿನ ಭಾರ ಹೊರುವ ಹಾಗೆ ಮಾಡಿದ ಗಟ್ಟಿ ಸ್ಪ್ರಿಂಗ್ ಆಗಿದ್ದರೆ, ಆ ಭಾರ ಇಲ್ಲದಾಗ 2 ಇಂಚಿಗಿಂತ ಜಾಸ್ತಿಯೇ ಎತ್ತುತ್ತದೆ. ಕೆಲವು ತಿಂಗಳಾದ ಮೇಲೆ ಸ್ವಲ್ಪ ಕೂರುತ್ತದೆ ನಿಜ, ಆದರೆ ನೀವು ಗ್ಯಾರೇಜಿಗೆ ಬಿಡಬೇಕಾದದ್ದು ಮೊದಲ ದಿನದಿಂದ.

ಅಳೆಯುವುದಕ್ಕೆ ಮೇಸ್ತ್ರಿ ಹತ್ತಿರ ಇರುವ ಉದ್ದ ಅಲ್ಯೂಮಿನಿಯಂ ಪಟ್ಟಿ ಮತ್ತು ರಸಮಟ್ಟ (ಸ್ಪಿರಿಟ್ ಲೆವೆಲ್) ಸಾಕು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಛಾವಣಿಯ ಅತಿ ಎತ್ತರದ ಜಾಗದಲ್ಲಿ ಪಟ್ಟಿಯನ್ನು ಅಡ್ಡ ಇಟ್ಟು, ರಸಮಟ್ಟದಲ್ಲಿ ನೋಡಿ, ಪಟ್ಟಿಯ ತುದಿಯಿಂದ ನೆಲಕ್ಕೆ ಟೇಪ್ ಬಿಡಿ. ಆಂಟೆನಾ ಇದ್ದರೆ ಅದನ್ನೂ ನೋಡಿ. ಆಮೇಲೆ ಆ ಎತ್ತರಕ್ಕೆ 5 ಸೆಂ.ಮೀ. ಸೇರಿಸಿ ಒಂದು ಪಿವಿಸಿ ಪೈಪ್ ಕತ್ತರಿಸಿಕೊಂಡು, ಅದನ್ನು ನೆಟ್ಟಗೆ ಹಿಡಿದು ಗ್ಯಾರೇಜಿನ ಉದ್ದಕ್ಕೂ ಎಡಕ್ಕೂ ಬಲಕ್ಕೂ ನಡೆಯಿರಿ. ಬೀಮು, ಟ್ಯೂಬ್‌ಲೈಟ್ ಪಟ್ಟಿ, ಸಜ್ಜಾ, ಫ್ಯಾನಿನ ಕೊಕ್ಕೆ, ಯಾವುದು ಅಡ್ಡ ಬರುತ್ತದೋ ಅದು ಪೈಪಿಗೆ ತಾಗಿಯೇ ತಾಗುತ್ತದೆ. ಇಳಿಜಾರು ಮಾತ್ರ ಪೈಪಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಮೇಲಿನ ಲೆಕ್ಕವೇ ಬೇಕು.

ಬಾಗಿಲು ಯಾಕೆ ಇಷ್ಟು ತಗ್ಗು ಅಂತ ನೀವು ಬೇಜಾರು ಮಾಡಿಕೊಂಡಿದ್ದೀರಿ. ನಮ್ಮಲ್ಲಿ ಲಿಂಟಲ್ (ಬಾಗಿಲ ಮೇಲಿನ ಕಾಂಕ್ರೀಟ್ ತೊಲೆ) ಅಂದರೆ 7 ಅಡಿ ಅನ್ನುವುದು ಮೇಸ್ತ್ರಿಗಳ ಕೈಗೆ ಕೂತುಬಿಟ್ಟಿದೆ. ರೂಮಿನ ಬಾಗಿಲಿಗೂ ಅದೇ, ಗ್ಯಾರೇಜಿಗೂ ಅದೇ. ಆಮೇಲೆ ನೆಲಕ್ಕೆ ಟೈಲ್ಸ್ ಹಾಕಿದಾಗ ಎರಡು ಇಂಚು ಹೋಗುತ್ತದೆ. ಶಟರ್ ಪೂರ್ತಿ ಎತ್ತಿದಾಗಲೂ ಅದರ ಕೆಳಪಟ್ಟಿ, ಬೀಗದ ಕೊಂಡಿ ಲಿಂಟಲ್‌ಗಿಂತ ಕೆಳಗೆ ಜೋತಿದ್ದರೆ ಇನ್ನೂ ಮೂರು ನಾಲ್ಕು ಇಂಚು ಹೋಯಿತು. ಈ ಕೊನೆಯದನ್ನು ವಾಪಸ್ ಪಡೆಯಬಹುದು. ನಾನು ವೆಲ್ಡಿಂಗ್ ಮಾಡುವವರನ್ನು ಕರೆಸಿ, ಶಟರ್ ಸುತ್ತಿಕೊಳ್ಳುವ ಡ್ರಮ್ಮಿನ ಬ್ರಾಕೆಟ್ಟನ್ನು ಮೇಲೆ ಕೂರಿಸಿ, ಬಾಗಿದ ಪಟ್ಟಿ ಬದಲಾಯಿಸಿದೆ. ಈಗ ಪಟ್ಟಿ ಲಿಂಟಲ್ ಮಟ್ಟಕ್ಕೇ ನಿಲ್ಲುತ್ತದೆ, ನಾಲ್ಕು ಇಂಚು ಸಿಕ್ಕಿತು, ಒಂದೇ ದಿನದ ಕೆಲಸ. ಮೊದಲು ಇದನ್ನು ನೋಡಿ.

ಲಿಂಟಲ್ ಒಡೆಸುವ ಯೋಚನೆ ಇದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಬೇಡ. ಅದರ ಮೇಲೆ ನಿಮ್ಮ ಮೊದಲ ಮಹಡಿಯ ಗೋಡೆ ನಿಂತಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಬರೆದುಕೊಡದೆ ಯಾರೂ ಅದನ್ನು ಮುಟ್ಟಬಾರದು. ಒಂದು ಕ್ಯಾರಿಯರ್‌ಗಾಗಿ ಮನೆಯ ಬಲ ಕಡಿಮೆ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನೆಲ ಅಗೆಸಿ ನಾಲ್ಕು ಇಂಚು ತಗ್ಗು ಮಾಡಿದರೆ ಹೇಗೆ ಅಂತಲೂ ಕೇಳಿದ್ದೀರಿ. ಅಗೆದಷ್ಟೂ ಲಾಭ ಆಗುವುದಿಲ್ಲ. ನೆಲ 100 ಮಿ.ಮೀ. ಕೆಳಗೆ ಹೋದರೆ, ಅದೇ ಆರು ಅಡಿಯಲ್ಲಿ ಇಳಿಜಾರು ಇನ್ನೂ ಕಡಿದಾಗುತ್ತದೆ, ತಗ್ಗಿನ ಲೆಕ್ಕ 102ರಿಂದ 136ಕ್ಕೆ ಏರುತ್ತದೆ. ಸಿಗುವುದು ಬರೀ 66. ರಸ್ತೆಯ ನೀರು ಈಗಲೇ ಒಳಗೆ ಬರುತ್ತಿರಬೇಕು, ಆಮೇಲೆ ಒಂದು ದೊಡ್ಡ ಮಳೆಗೆ ಗ್ಯಾರೇಜು ತುಂಬುತ್ತದೆ. ಅದರ ಬದಲು ಇಳಿಜಾರಿನ ಕೊನೆಯ ಭಾಗವನ್ನು ನಿಧಾನಕ್ಕೆ ಸಮ ಆಗುವ ಹಾಗೆ ತಿದ್ದಿಸಿ. ಆರಕ್ಕೆ ಒಂದು ಇದ್ದದ್ದು ಒಮ್ಮೆಲೇ ಸಮ ಆಗುವ ಬದಲು, ನಡುವೆ ಮೂರು ನಾಲ್ಕು ಅಡಿ ಹನ್ನೆರಡಕ್ಕೆ ಒಂದು ಇರಲಿ. ಅದನ್ನು ಶಟರ್ ದಾಟಿ ಒಳಗೂ ಸ್ವಲ್ಪ ಎಳೆಯಬೇಕಾಗುತ್ತದೆ, ಹಾಗೆ ಮಾಡುವಾಗ ಶಟರ್ ಕೆಳಗಿನ ನೆಲ ಏರದ ಹಾಗೆ ನೋಡಿಕೊಳ್ಳಿ. ಶಟರ್ ಮುಂದೆ ಅಡ್ಡಡ್ಡ ಜಾಲರಿ ಹಾಕಿದ ಚರಂಡಿ ಇರಲಿ.

ನೀವು ಬರೆಯದೆ ಬಿಟ್ಟ ಇನ್ನೊಂದು ವಿಷಯ ಸಂಪು. 30×40 ಮನೆಗಳಲ್ಲಿ ನೀರಿನ ಸಂಪು ಹೆಚ್ಚಾಗಿ ಗಾಡಿ ನಿಲ್ಲಿಸುವ ಜಾಗದ ಕೆಳಗೇ ಇರುತ್ತದೆ. ನಿಮ್ಮಲ್ಲೂ ಇದ್ದರೆ ಅದರ ಮುಚ್ಚಳ ಎಲ್ಲಿದೆ ನೋಡಿ. ಥಾರ್ ಮೊದಲೇ ಭಾರದ ಗಾಡಿ, ಅದಕ್ಕೆ ವಿಂಚು, ಕಬ್ಬಿಣದ ಬಂಪರು, ದೊಡ್ಡ ಟೈರು ಸೇರಿದರೆ ಎರಡು ಟನ್ನಿನ ಹತ್ತಿರ ಹೋಗುತ್ತದೆ. ಚಕ್ರ ಮುಚ್ಚಳದ ಮೇಲೆ ಹತ್ತಲೇಬಾರದು. ನಾನು ನೆಲದ ಮೇಲೆ ಹಳದಿ ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದೇನೆ, ಚಕ್ರ ಅದರ ಮೇಲೇ ಹೋಗಬೇಕು.

ಅಗಲದ ಚಿಂತೆ ಅಷ್ಟಿಲ್ಲ. ಥಾರ್ ಅಗಲ 1820, ಹೊರಗೆ ಚಾಚುವ ರಿಮ್ ಹಾಕಿದರೆ 1880 ಅಂತ ಇಟ್ಟುಕೊಳ್ಳಿ. ಕನ್ನಡಿ ಮಡಚಿಕೊಂಡರೆ 8 ಅಡಿ ಬಾಗಿಲಲ್ಲಿ ಎರಡೂ ಕಡೆ ಒಂದೊಂದು ಗೇಣಿಗಿಂತ ಜಾಸ್ತಿ ಉಳಿಯುತ್ತದೆ. ಒಳಗೆ ಎಡ ಗೋಡೆಗೆ ಅರ್ಧ ಅಡಿ ಬಿಟ್ಟು ನಿಲ್ಲಿಸಿದರೆ ಬಲಗಡೆ 70 ಸೆಂ.ಮೀ. ಸಿಗುತ್ತದೆ. ಬಾಗಿಲು ಉದ್ದ ಇರುವುದರಿಂದ ಪೂರ್ತಿ ತೆರೆಯುವುದಿಲ್ಲ, ಇಳಿಯಬಹುದು. ಪಕ್ಕದಲ್ಲಿ ಕೂತವರು ರಸ್ತೆಯಲ್ಲೇ ಇಳಿಯಲಿ. ಉದ್ದದಲ್ಲೂ ತೊಂದರೆಯಿಲ್ಲ, ಬಂಪರು, ಹಿಂದಿನ ದೊಡ್ಡ ಸ್ಟೆಪ್ನಿ ಸೇರಿ 14 ಅಡಿಯೊಳಗೆ ಮುಗಿಯುತ್ತದೆ. ಹಿಂಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಶಟರ್ ಮುಚ್ಚಿದ ಮೇಲೆ ಸಾಮಾನು ತೆಗೆಯಲು ಆಗುವುದಿಲ್ಲ, ಮೊದಲೇ ಇಳಿಸಿಕೊಳ್ಳಿ.

ಕ್ಯಾರಿಯರ್ ಬೇಕೇ ಬೇಕು ಅಂದರೆ ನಾನು ಈಗ ಮಾಡುವ ಹಾಗೆ ಮಾಡಿ. ನಟ್ಟುಗಳ ಬದಲು ಕೈಯಲ್ಲೇ ತಿರುಗಿಸುವ ನಾಬ್ ಹಾಕಿಸಿದ್ದೇನೆ. ಕ್ಯಾರಿಯರ್ ಗ್ಯಾರೇಜಿನ ಗೋಡೆಯ ಮೇಲೆ ಎರಡು ಕೊಕ್ಕೆಯಲ್ಲಿ ಇರುತ್ತದೆ. ದೂರ ಹೋಗುವ ದಿನ ಗಾಡಿಯನ್ನು ರಸ್ತೆಗೆ ತಂದು ನಿಲ್ಲಿಸಿ, ನಾನು ಅಣ್ಣ ಇಬ್ಬರೂ ಸೇರಿ ಕಾಲು ಗಂಟೆಯಲ್ಲಿ ಕೂರಿಸುತ್ತೇವೆ. ಬಂದ ಮೇಲೆ ರಸ್ತೆಯಲ್ಲೇ ಬಿಚ್ಚಿ ಒಳಗೆ. ಲೈಟ್ ಬಾರ್ ಅದರ ಜೊತೆಗೇ ಬರುತ್ತದೆ, ವೈರಿಗೆ ಒಂದು ಕಪ್ಲರ್ ಇದೆ. ಶಟರ್ ಮೇಲೆತ್ತಿ ನಾಲ್ಕು ಇಂಚು ಸಿಕ್ಕಿದ್ದರೂ, ಎಷ್ಟೇ ಸುಸ್ತಾಗಿದ್ದರೂ ಇದನ್ನು ಬಿಡುವುದಿಲ್ಲ. ನೆನಪಿಗೆ ಅಂತ ಗೇಟಿನ ಹತ್ತಿರ ಶಟರ್ ಪಟ್ಟಿಯಷ್ಟೇ ಎತ್ತರಕ್ಕೆ ಒಂದು ರಬ್ಬರ್ ಪಟ್ಟಿ ಜೋತುಬಿಟ್ಟಿದ್ದೇನೆ, ಅದು ತಾಗಿದರೆ ಗಾಡಿ ಅಲ್ಲೇ ನಿಲ್ಲಬೇಕು.

ದುಡ್ಡು ಹಾಕುವ ಮೊದಲು ಇನ್ನೊಂದು ವಿಷಯ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಟ್ಟುಕೊಂಡು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಿಫ್ಟ್, ಟೈರ್, ಬಂಪರ್ ಮೂರರ ಬಗ್ಗೆಯೂ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಅಪಘಾತವಾದ ಮೇಲೆ ಈ ಮಾತು ಬಂದರೆ ತುಂಬಾ ಕಷ್ಟ.

ಈಗ ನೀವು ನನಗೆ ಒಂದು ವಿಷಯ ಹೇಳಬೇಕು. ಆ 6 ಅಡಿ 10 ಇಂಚನ್ನು ಲಿಂಟಲ್‌ನಿಂದ ಅಳೆದಿದ್ದೀರೋ, ಎತ್ತಿದ ಶಟರಿನ ಕೆಳಪಟ್ಟಿಯಿಂದ ಅಳೆದಿದ್ದೀರೋ? ಲಿಂಟಲ್‌ನಿಂದ ಆಗಿದ್ದು, ಪಟ್ಟಿ ಮೂರು ಇಂಚು ಜೋತಿದ್ದರೆ ಮೇಲೆ ಹೇಳಿದ 6 ಸೆಂ.ಮೀ. ಪೂರ್ತಿ ಹೋಯಿತು. ಆಗ ಡ್ರಮ್ ಮೇಲೆತ್ತಿಸುವವರೆಗೂ ಲಿಫ್ಟ್ ಹಾಕಿಸಬೇಡಿ. ಇವತ್ತೇ ಒಂದು ಸ್ಟೂಲ್ ಹಾಕಿಕೊಂಡು ನೋಡಿ, ಅಳತೆ ಬರೆಯಿರಿ, ಮತ್ತೆ ಲೆಕ್ಕ ಮಾಡಿ ಹೇಳುತ್ತೇನೆ.