ಕಾರ್ಬ್ಯುರೇಟರ್ ಬದಲಿಸುವ ಮೊದಲು ಪೆಟ್ರೋಲ್ ಪೈಪನ್ನು ಸೀಳಿ ನೋಡಿ

ನಿಮ್ಮ ದೋಣಿಯೊಳಗೆ ಕೂರಿಸಿದ ಹಳೆಯ ಇನ್‌ಬೋರ್ಡ್ ಎಂಜಿನ್ನಿನ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಉಕ್ಕಿ ಪೆಟ್ರೋಲ್ ಸುರಿಯುತ್ತಿದೆ, ಹೊಸದನ್ನು ತರಿಸಲೇ ಅಥವಾ ಗ್ಯಾರೇಜಿನವರು ಹೇಳಿದಂತೆ ಹಳೆಯ ಜೀಪಿನದನ್ನು ಕೂರಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಜೀಪಿನದಂತೂ ಯಾವತ್ತಿಗೂ ಬೇಡ.

ಶರಾವತಿ ಹಿನ್ನೀರಿನಲ್ಲಿ ತುಮರಿ ಕಡೆ ನಮ್ಮ ಮನೆಯದೊಂದು ದೋಣಿಯಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ತೆರೆಯುವವರೆಗೆ ಸಾಗರಕ್ಕೆ ಹತ್ತಿರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚ್ ಆಗಿದ್ದರಿಂದ, ಅದು ನಿಂತ ಹೊತ್ತಿನಲ್ಲಿ ಈ ದೋಣಿಯೇ ನಮಗೆ ಆಧಾರವಾಗಿತ್ತು. ಮಳೆಗಾಲದಲ್ಲಿ ಅದನ್ನು ದಡಕ್ಕೆಳೆದು ಮುಚ್ಚಿಡುತ್ತಿದ್ದೆವು, ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಹಾಗೆಯೇ ಇರುತ್ತಿತ್ತು. ಒಂದು ವರ್ಷ ಮಳೆ ಮುಗಿದು ಎಂಜಿನ್ ಶುರು ಮಾಡಿದಾಗ ಕಪ್ಪು ಹೊಗೆ ಎದ್ದಿತು, ಪ್ಲಗ್ಗುಗಳು ಮಸಿ ಹಿಡಿದು ಒದ್ದೆಯಾಗಿದ್ದವು. ಕಾರ್ಬ್ಯುರೇಟರಿನ ಬಾಯಿ ತೆರೆದು ನೋಡಿದರೆ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ನಡುವಿನ ನಾಜಲ್ಲಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

ಕಾರ್ಬ್ಯುರೇಟರಿನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ, ಮಟ್ಟ ಹೆಚ್ಚಾಗಿದೆಯೆಂದು ತೀರ್ಮಾನಿಸಿ ನಾನು ಅದರೊಳಗೆ ತೇಲುವ ಫ್ಲೋಟಿನ ನಾಲಿಗೆಯನ್ನು ಬಗ್ಗಿಸಿದೆ. ನಮಗೆ ನಷ್ಟ ತಂದ ತಪ್ಪು ಅದೇ. ನೀವೂ ಮುಂದೆ ಇದನ್ನೇ ಮಾಡುವ ಸಾಧ್ಯತೆಯಿರುವುದರಿಂದ ಬಿಡಿಸಿ ಹೇಳುತ್ತೇನೆ. ಬೌಲ್ ತುಂಬಿದಂತೆ ಫ್ಲೋಟ್ ಮೇಲೇರುತ್ತದೆ, ಅದರ ನಾಲಿಗೆ ನೀಡಲನ್ನು (ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿಯನ್ನು) ಸೀಟಿಗೆ, ಅಂದರೆ ಅದು ಕೂರುವ ತೂತಿನ ಅಂಚಿಗೆ, ಒತ್ತುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ನಾಲಿಗೆ ಬಗ್ಗಿಸುವುದರಿಂದ ಬದಲಾಗುವುದು ನೀಡಲ್ ಎಷ್ಟು ಬೇಗ ಮುಚ್ಚಬೇಕೆಂಬುದು ಮಾತ್ರ. ನೀಡಲ್ ಮತ್ತು ಸೀಟಿನ ನಡುವೆ ಕಸ ಕುಳಿತು ಅದು ಮುಚ್ಚಿಕೊಳ್ಳಲೇ ಆಗದಿದ್ದರೆ, ಮಟ್ಟವನ್ನು ಎಷ್ಟು ಇಳಿಸಿದರೂ ಸೋರಿಕೆ ನಿಲ್ಲದು. ಸಾಲದೆಂಬಂತೆ ನೀಡಲ್ ತನ್ನ ಜಾಗದಲ್ಲಿರುವಾಗಲೇ ಬೆರಳಿನಿಂದ ನಾಲಿಗೆಯನ್ನು ಅದುಮಿ ಬಗ್ಗಿಸಿದ್ದರಿಂದ ನೀಡಲಿನ ರಬ್ಬರ್ ತುದಿಯಲ್ಲಿ ಬಳೆಯಂಥ ಗೆರೆ ಮೂಡಿತು, ಆಮೇಲೆ ಕಸ ತೆಗೆದರೂ ಅದು ಸರಿಯಾಗಿ ಕೂರಲಿಲ್ಲ. ಹೀಗಾಗಿ ಎಂಜಿನ್ ನಿಧಾನವಾಗಿದ್ದಾಗ ಪೆಟ್ರೋಲ್ ಮೊದಲಿನಂತೆಯೇ ಉಕ್ಕುತ್ತಿತ್ತು. ಪೂರ್ತಿ ವೇಗದಲ್ಲಿ, ಸೋರಿ ಬರುವುದಕ್ಕಿಂತ ಹೆಚ್ಚು ಪೆಟ್ರೋಲ್ ಖರ್ಚಾಗುವಾಗ, ನಾನು ಇಳಿಸಿಟ್ಟ ಮಟ್ಟದಿಂದಾಗಿ ಎಂಜಿನ್ ಹಸಿದು ಎಳೆಯಲಾರದಾಗುತ್ತಿತ್ತು. ಬೇಸಿಗೆಯಲ್ಲಿ ನೀರಿಳಿದು ಮುಳುಗಿದ ಕಾಡಿನ ಬೊಡ್ಡೆಗಳು ತಲೆಯೆತ್ತಿದ್ದ ಕಾಲದಲ್ಲಿ, ಗಾಳಿಗೆ ಎದುರಾಗಿ ಹೋಗುತ್ತಿದ್ದಾಗ ಎಂಜಿನ್ ಸೊರಗಿ ನಿಂತಿತು. ದೋಣಿ ಅಡ್ಡ ತಿರುಗಿ ಬೊಡ್ಡೆಯೊಂದಕ್ಕೆ ಬಡಿದು ತಳದ ಹಲಗೆ ಸೀಳಿತು. ಆ ಹಲಗೆಗೆ ಕೊಟ್ಟ ಹಣದಲ್ಲಿ ನಾಲ್ಕಾರು ನೀಡಲ್ ಸೆಟ್ ಬರುತ್ತಿತ್ತು.

ಮೂಲ ಕಾರಣವಿದ್ದದ್ದು ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಗೇಣುದ್ದದ ರಬ್ಬರ್ ಪೈಪಿನಲ್ಲಿ. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಮೈ ಮೆತ್ತಗಾಗಿ, ಉಗುರು ತಾಗಿಸಿದರೆ ಕಪ್ಪು ಹೊಟ್ಟಿನಂತೆ ಕಳಚಿ ಬರುತ್ತಿತ್ತು. ಫಿಲ್ಟರ್ ಇದ್ದದ್ದು ಪಂಪಿಗಿಂತ ಮೊದಲು, ಟ್ಯಾಂಕಿನ ಕಡೆ; ಹಾಗಾಗಿ ಅದು ಸ್ವಚ್ಛವಾಗಿಯೇ ಇತ್ತು, ಕಸವೆಲ್ಲ ನೇರವಾಗಿ ನೀಡಲಿಗೆ ಹೋಗುತ್ತಿತ್ತು. ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ 2022ರಲ್ಲಿ ಶೇ. 10 ಮುಟ್ಟಿತ್ತು, 2025ರಲ್ಲಿ ಶೇ. 20ಕ್ಕೆ ಏರಿತು. ಹಳೆಯ ಕಾಲದ ರಬ್ಬರನ್ನು ಎಥನಾಲ್ ಕೆಡಿಸುತ್ತದೆ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ತೇವದ ಕೊರತೆಯೇನೂ ಇಲ್ಲ. ಆದ್ದರಿಂದ ಮೊದಲು ಎಲ್ಲ ಪೈಪುಗಳನ್ನೂ ಎಥನಾಲ್ ತಾಳುವಂಥವುಗಳಿಗೆ ಬದಲಿಸಿ, ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ, ಆಮೇಲೆ ಹೊಸ ನೀಡಲನ್ನೂ ಸೀಟನ್ನೂ ಜೊತೆಯಾಗಿಯೇ ಹಾಕಿ. ಫ್ಲೋಟ್ ಹಿತ್ತಾಳೆಯದಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ನೋಡಿ, ಗುಳ್ಳೆ ಬಂದರೆ ತೂತಾಗಿದೆಯೆಂದು ಅರ್ಥ. ಇಷ್ಟಾದ ಮೇಲೂ ಉಕ್ಕಿದರೆ ಪಂಪಿನ ಒತ್ತಡವನ್ನು ಅಳೆಸಿ; ಯಾರಾದರೂ ಎಲೆಕ್ಟ್ರಿಕ್ ಪಂಪ್ ಕೂರಿಸಿದ್ದರೆ ಅದರ ಒತ್ತಡವೇ ನೀಡಲನ್ನು ತಳ್ಳಿ ತೆರೆಯುತ್ತಿರಬಹುದು.

ಜೀಪಿನ ಕಾರ್ಬ್ಯುರೇಟರ್ ಏಕೆ ಬೇಡವೆಂದರೆ, ದೋಣಿಗೆಂದು ಮಾಡಿದ್ದರಲ್ಲಿ ಬೌಲಿನ ಗಾಳಿದಾರಿ ಒಳಬಾಯಿಗೇ ತೆರೆದಿರುವುದರಿಂದ ಉಕ್ಕಿದ ಪೆಟ್ರೋಲ್ ಎಂಜಿನ್ನಿನೊಳಗೆ ಹೋಗುತ್ತದೆ; ರಸ್ತೆ ವಾಹನದ್ದರಲ್ಲಿ ಅದು ಹೊರಗೆ ಸುರಿಯಬಹುದು. ರಸ್ತೆಯಲ್ಲಾದರೆ ಗಾಳಿ ಅದನ್ನು ಒಯ್ಯುತ್ತದೆ. ದೋಣಿಯಲ್ಲಿ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ತಂಗುತ್ತದೆ, ಸ್ಟಾರ್ಟರಿನ ಒಂದು ಕಿಡಿ ಅದಕ್ಕೆ ಸಾಕು. ರಿಪೇರಿ ಮುಗಿಯುವವರೆಗೂ ಎಂಜಿನ್ ಮುಚ್ಚಳ ತೆರೆದಿಟ್ಟು, ಆವಿಯನ್ನು ಹೊರದೂಡುವ ಬ್ಲೋವರ್ ಫ್ಯಾನ್ ಇದ್ದರೆ ಕನಿಷ್ಠ 4 ನಿಮಿಷ ಓಡಿಸಿ, ತಳದ ವಾಸನೆ ನೋಡಿದ ಮೇಲೆಯೇ ಕೀಲಿ ತಿರುಗಿಸಿ.

ಇಂದೇ ಡಿಪ್‌ಸ್ಟಿಕ್ (ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ) ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆಯಿದ್ದರೆ ಅಥವಾ ಆಯಿಲ್ ಮಟ್ಟ ಏರಿದ್ದರೆ, ಉಕ್ಕಿದ ಪೆಟ್ರೋಲ್ ಸಿಲಿಂಡರಿನಿಂದ ಕೆಳಗಿಳಿದಿರಬಹುದು ಅಥವಾ ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಹರಿದಿರಬಹುದು. ಯಾವುದೆಂದು ತಿಳಿದು ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಮುಟ್ಟಬೇಡಿ. ಪೆಟ್ರೋಲ್ ಬೆರೆತು ತೆಳುವಾದ ಆಯಿಲಿನಲ್ಲಿ ಬೇರಿಂಗ್ ಉಳಿಯುವುದಿಲ್ಲ.