ಹ್ಯಾಮ್ ರೇಡಿಯೊ ರಿಗ್‌ಗೆ ಪುಟ್ಟ ಆಂಪ್ಲಿಫೈಯರ್ ಹಾಕಿದ ಮೇಲೆ ಎಸ್‌ಡಬ್ಲ್ಯುಆರ್ 2.8 ತೋರಿಸ್ತಿದೆ. ಆಂಟೆನಾ ಕೆಟ್ಟಿದೆಯಾ?

ಕೆಟ್ಟಿಲ್ಲ. ಮೊದಲು ಕೈಯಲ್ಲಿರೋ ಕಟರ್ ಕೆಳಗಿಡಿ. ಆಂಟೆನಾ ವೈರ್ ಮುಟ್ಟಬೇಡಿ. ಎಸ್‌ಡಬ್ಲ್ಯುಆರ್ ಅಂದರೆ ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ತಿಳಿಸೋ ಅಂಕಿ. 1 ಇದ್ದರೆ ಏನೂ ವಾಪಸ್ ಬರುತ್ತಿಲ್ಲ ಅಂತ.

ನೀವು ಬರೆದಿದ್ದು ಇಷ್ಟು, ಅಲ್ವಾ? ಗದಗಿನಲ್ಲಿ ಮನೆ. 5 ವಾಟಿನ ರಿಗ್. ಮೇಲೆ 40 ಮೀಟರ್ ಬ್ಯಾಂಡಿನ ಇನ್ವರ್ಟೆಡ್ ವಿ, ಅಂದರೆ ತಲೆಕೆಳಗಾದ ವಿ ಆಕಾರದ ವೈರ್ ಆಂಟೆನಾ. ರಿಗ್ಗನ್ನು ನೇರವಾಗಿ ಆಂಟೆನಾಗೆ ಹಾಕಿದರೆ ಎಸ್‌ಡಬ್ಲ್ಯುಆರ್ 1.2. ನಡುವೆ 50 ವಾಟಿನ ಸಣ್ಣ ಆಂಪ್ ಹಾಕಿ ಕೀ ಮಾಡಿದರೆ (ಟ್ರಾನ್ಸ್‌ಮಿಟ್ ಒತ್ತಿದರೆ) ರಿಗ್ಗಿನ ಮೀಟರ್ 2.8ಕ್ಕೆ ಹಾರುತ್ತದೆ. ರಿಗ್ಗಿನ ಒಳಗಿರುವ ಟ್ಯೂನರ್ (ಮುಂದಿರೋದನ್ನು ರಿಗ್ಗಿಗೆ ಹೊಂದಿಸುವ ಸರ್ಕ್ಯೂಟ್) ಒತ್ತಿಬಿಟ್ಟರೆ ಸರಿಹೋಗುತ್ತಾ ಅಂತಲೂ ಕೇಳಿದ್ದೀರಿ.

ಮೀಟರಿಗೆ ಕಾಣೋದು ಪಕ್ಕದ ಮನೆ ಮಾತ್ರ. ಆಂಪ್ ಬೈಪಾಸ್‌ನಲ್ಲಿದ್ದಾಗ ರಿಲೇ ಮೂಲಕ ರಿಗ್ ಸೀದಾ ಆಂಟೆನಾಗೆ ಸೇರಿರುತ್ತದೆ. ಆಗ ನೀವು ನೋಡುವ 1.2 ಆಂಟೆನಾದ್ದು. ಕೀ ಮಾಡಿದ ತಕ್ಷಣ ರಿಲೇ ತಿರುಗಿ ರಿಗ್ಗಿಗೂ ಆಂಟೆನಾಕ್ಕೂ ಸಂಬಂಧ ಕಡಿಯುತ್ತದೆ. ಈಗ ರಿಗ್ಗಿನ ಪಕ್ಕದಲ್ಲಿರೋದು ಆಂಪ್‌ನ ಇನ್‌ಪುಟ್. 2.8 ಅಂದರೆ ಆ ಇನ್‌ಪುಟ್ ರಿಗ್ಗಿಗೆ ಬೇಕಾದ 50 ಓಮ್ ಹತ್ತಿರ ಇಲ್ಲ ಅಂತ ಅರ್ಥ, ಅಷ್ಟೇ. ಆಂಟೆನಾ ಹೇಗಿದೆ ಅಂತ ತಿಳಿಯಬೇಕಿದ್ದರೆ ಆಂಪ್ ಆದ ಮೇಲೆ ಇನ್ನೊಂದು ಮೀಟರ್ ಹಾಕಬೇಕು.

ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ನನ್ನದೇ ದಡ್ಡತನ. ಮೂರು ವರ್ಷದ ಹಿಂದೆ ನಾನೂ ಒಂದು ಕಿಟ್ ಆಂಪ್ ಕಟ್ಟಿದ್ದೆ. ಶುರುವಿನಲ್ಲಿ ಚೆನ್ನಾಗಿತ್ತು. ಒಂದು ದಿನ ನೋಡಿದರೆ ಎಸ್‌ಡಬ್ಲ್ಯುಆರ್ ಸುಮಾರು 2.6. ಧಾರವಾಡದ ಜುಲೈ ಗೊತ್ತಲ್ಲ, ಜಿಟಿಜಿಟಿ ಅಂತ ಶುರುವಾದರೆ ವಾರಗಟ್ಟಲೆ ನಿಲ್ಲೋದಿಲ್ಲ. ಆಂಟೆನಾದ ಜಾಯಿಂಟ್‌ಗೆ ನೀರು ಹೊಕ್ಕಿದೆ ಅಂದುಕೊಂಡೆ. ಛತ್ರಿ ಹಿಡಿದು ಮಾಳಿಗೆ ಹತ್ತಿ ಬಾಲನ್ (ಕೇಬಲ್ ಆಂಟೆನಾಗೆ ಸೇರುವಲ್ಲಿನ ಟ್ರಾನ್ಸ್‌ಫಾರ್ಮರ್) ಬಿಚ್ಚಿದೆ, ಒರೆಸಿದೆ, ಟೇಪ್ ಸುತ್ತಿದೆ. ಸೂಜಿ ಅಲ್ಲಾಡಲಿಲ್ಲ. ಹಾಗಾದರೆ ವೈರ್ ಉದ್ದ ಜಾಸ್ತಿ ಆಗಿರಬೇಕು ಅಂತ ಎರಡೂ ತುದಿಯಲ್ಲಿ ಒಂದೊಂದು ಗೇಣು ಕತ್ತರಿಸಿದೆ. ಪಕ್ಕದ ಮನೆ ಕಾಕಾ ಕೆಳಗಿನಿಂದ, "ಏನ್ರೀ, ಡಿಶ್ ಹಾಳಾಗೈತೇನ್ರೀ?" ಅಂದರು. ಹೌದು ಅಂದುಬಿಟ್ಟೆ. ವಿವರಿಸೋ ಮನಸ್ಸಿರಲಿಲ್ಲ.

ಎರಡು ಗೇಣು ಅಂದರೆ ಸಣ್ಣದೇನಲ್ಲ. 7.1 ಮೆಗಾಹರ್ಟ್ಸ್‌ಗೆ ಡೈಪೋಲ್ (ಎರಡು ತೋಳಿನ ವೈರ್ ಆಂಟೆನಾ) ಒಟ್ಟು ಸುಮಾರು 20 ಮೀಟರ್. ಅದರಲ್ಲಿ ಅರ್ಧ ಮೀಟರಿನಷ್ಟು ಹೋದರೆ ರೆಸೊನೆನ್ಸ್ (ಆಂಟೆನಾ ಹೊಂದಿಕೊಳ್ಳುವ ಫ್ರೀಕ್ವೆನ್ಸಿ) 150 ಕಿಲೋಹರ್ಟ್ಸ್‌ಗೂ ಜಾಸ್ತಿ ಮೇಲಕ್ಕೆ ಓಡುತ್ತದೆ. ನಮ್ಮ ಬ್ಯಾಂಡ್ 7.2ಕ್ಕೆ ಮುಗಿಯುತ್ತದೆ. ಅಂದರೆ ಒಳ್ಳೆ ಆಂಟೆನಾವನ್ನು ನಾನೇ ಬ್ಯಾಂಡಿನ ಆಚೆ ದಬ್ಬಿದ್ದೆ.

ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯ ಹ್ಯಾಮ್ ಇದ್ದಾರೆ. ಫೋನ್ ಮಾಡಿ ಗೋಳು ಹೇಳಿಕೊಂಡೆ. ಎಲ್ಲಾ ಕೇಳಿ ಒಂದೇ ಮಾತು ಕೇಳಿದರು: "ತಮ್ಮಾ, ಡಮ್ಮಿ ಲೋಡ್ ಹಚ್ಚಿ ನೋಡಿಯೇನು?" ನೋಡಿರಲಿಲ್ಲ. ಆಂಪ್‌ನ ಔಟ್‌ಪುಟ್‌ನಿಂದ ಆಂಟೆನಾ ಬಿಚ್ಚಿ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿದೆ. ಕೀ ಮಾಡಿದೆ. ಅದೇ 2.6. ಎರಡು ಭಾನುವಾರ ಮಳೆಯಲ್ಲಿ ನೆನೆದದ್ದು ಸುಮ್ನೆ.

ಮುಚ್ಚಳ ತೆಗೆದಾಗ ತಪ್ಪು ಕಣ್ಣಿಗೇ ಕಂಡಿತು. ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಎರಡು ರೆಸಿಸ್ಟರ್ ಜೋಡಿಯಾಗಿ ನಿಂತಿದ್ದವು. ಒಂದರ ಮೇಲೆ ಬಣ್ಣದ ಪಟ್ಟಿಗಳು ಸ್ಪಷ್ಟ. ಇನ್ನೊಂದು ಹೊಟ್ಟೆಯ ಹತ್ತಿರ ಕಂದಾಗಿ, ಕೂದಲೆಳೆಯಷ್ಟು ಸೀಳಿತ್ತು. ಒಂದು ಕಾಲು ಬಿಡಿಸಿ ಮಲ್ಟಿಮೀಟರ್ ಹಿಡಿದರೆ ಓಪನ್. ಹಿಂದಿನ ತಿಂಗಳು ರಿಗ್ಗಿನ ಪವರ್ ಇಳಿಸೋದು ಮರೆತು 10 ವಾಟ್ ಒಳಗೆ ನೂಕಿದ್ದು ಆಗ ನೆನಪಾಯಿತು. ಎರಡು ಸೇರಿ ಹೊರುತ್ತಿದ್ದ ಭಾರ ಒಂದರ ಮೇಲೆ ಬಿದ್ದು, ಇನ್‌ಪುಟ್‌ನ ಓಮ್ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಹತ್ತು ರೂಪಾಯಿಯೂ ಇಲ್ಲದ ಸಾಮಾನು.

ನಿಮ್ಮ ಆಂಪ್‌ನಲ್ಲೂ ಇದೇ ಆಗಿದೆ ಅಂತಲ್ಲ. ಈ ಅಗ್ಗದ ಆಂಪ್‌ಗಳಲ್ಲಿ ಸುಡದೇ ಇದ್ದರೂ ಇನ್‌ಪುಟ್ ಸರಿಯಾಗಿರೋದು ಅಪರೂಪ. ಯಾಕೆ ಅಂತ ನೋಡಿ. ಹೆಚ್ಚಿನವುಗಳಲ್ಲಿ ಇರೋದು ಐಆರ್‌ಎಫ್530 ಥರದ ಸ್ವಿಚಿಂಗ್ ಮಾಸ್‌ಫೆಟ್, ಒಂದು ಬಗೆಯ ಟ್ರಾನ್ಸಿಸ್ಟರ್. ರೇಡಿಯೊಗೆ ಅಂತ ಹುಟ್ಟಿದ ಸಾಮಾನೇ ಅಲ್ಲ ಅದು. ಅದರ ಗೇಟ್‌ನಲ್ಲಿ (ಇನ್‌ಪುಟ್ ಕಾಲಿನಲ್ಲಿ) ಸುಮಾರು 670 ಪಿಕೊಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ, ಕೆಲವು ಮಾದರಿಗಳಲ್ಲಿ ಇನ್ನೂ ಜಾಸ್ತಿ. 7 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 34 ಓಮ್ ರಿಯಾಕ್ಟನ್ಸ್ (ಎಸಿಗೆ ಒಡ್ಡುವ ತಡೆ). 28 ಮೆಗಾಹರ್ಟ್ಸ್‌ಗೆ ಹೋದರೆ ಎಂಟೂವರೆ ಓಮ್ ಮಾತ್ರ. ಒಂದು ಫೆರೈಟ್ ಟ್ರಾನ್ಸ್‌ಫಾರ್ಮರ್, ಒಂದೆರಡು ರೆಸಿಸ್ಟರ್ ಇಟ್ಟು ಇದನ್ನು ಎಲ್ಲ ಬ್ಯಾಂಡಿನಲ್ಲೂ 50 ಓಮ್ ಮಾಡೋಕೆ ಆಗೋದಿಲ್ಲ. ಅದಕ್ಕೇ 40 ಮೀಟರ್‌ನಲ್ಲಿ ಒಂದು ರೀಡಿಂಗ್, 10 ಮೀಟರ್‌ನಲ್ಲಿ ಇನ್ನೊಂದು.

2.8 ಅಂದರೆ ಎಷ್ಟು ಕೆಟ್ಟದ್ದು? 1.5ಕ್ಕೆ ವಾಪಸ್ ಬರುವ ಪವರ್ 4 ಪರ್ಸೆಂಟ್. 2ಕ್ಕೆ 11. 3ಕ್ಕೆ 25. ನಿಮ್ಮದು 22ರ ಹತ್ತಿರ. 5 ವಾಟಿನಲ್ಲಿ ಒಂದು ವಾಟ್‌ಗಿಂತ ಸ್ವಲ್ಪ ಜಾಸ್ತಿ. ಅದರಿಂದ ಕೋಆಕ್ಸ್ ಕೇಬಲ್‌ಗೇನೂ ಆಗೋದಿಲ್ಲ. ತೊಂದರೆ ಆಗೋದು ರಿಗ್ಗಿನ ಫೈನಲ್ಸ್‌ಗೆ, ಅಂದರೆ ಕೊನೆಯ ಪವರ್ ಟ್ರಾನ್ಸಿಸ್ಟರ್‌ಗಳಿಗೆ. ಕಂಪನಿಯ ರಿಗ್ ಆದರೆ ಸಾಮಾನ್ಯವಾಗಿ ತಾನೇ ಪವರ್ ಇಳಿಸಿಕೊಂಡು ಬಚಾವಾಗುತ್ತದೆ. ಆಗ ಆಂಪ್‌ಗೆ ಡ್ರೈವ್ (ರಿಗ್ಗಿನಿಂದ ಬರುವ ಪವರ್) ಸಾಲೋದಿಲ್ಲ, ನಾವು "ಆಂಪ್ ದಂಡ, 50 ಅಂದಿದ್ರು, 20 ಬರ್ತಿದೆ" ಅಂತ ಬೈಯುತ್ತೇವೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸದ ಮೈಕ್ರೋಬಿಟ್‌ಎಕ್ಸ್ ಥರದ ಸರಳ ರಿಗ್ ಆದರೆ ಇನ್ನೂ ಹುಷಾರಾಗಿರಿ. ಅದರಲ್ಲಿ ಆ ರಕ್ಷಣೆ ಇಲ್ಲ. ಫೈನಲ್ಸ್ ಎಲ್ಲವನ್ನೂ ತಾವೇ ಸಹಿಸಬೇಕು.

ಈಗ ನೀವು ಮಾಡಬೇಕಾದ್ದು. ಮೊದಲು ಆಂಪ್‌ನ ಔಟ್‌ಪುಟ್‌ಗೆ ಡಮ್ಮಿ ಲೋಡ್ ಹಾಕಿ. ಅದು 50 ವಾಟ್ ತಡೆಯುವಂಥದ್ದಾಗಿರಲಿ, ರಿಗ್ಗಿನ ಜೊತೆ ಬಂದ ಪುಟ್ಟದ್ದು ಸಾಲದು. ಲೋ-ಪಾಸ್ ಫಿಲ್ಟರ್ ಸರಿಯಾದ ಬ್ಯಾಂಡಿನಲ್ಲಿದೆಯಾ ನೋಡಿ. ಎಸ್‌ಎಸ್‌ಬಿಯಲ್ಲಿ (ಮಾತಿನ ಮೋಡ್) "ಹಲೋ ಹಲೋ" ಅಂತ ಅಳೆಯಬೇಡಿ. ಸೂಜಿ ಕುಣಿಯುತ್ತದೆ, ಆರ್‌ಎಫ್ (ರೇಡಿಯೊ ಸಿಗ್ನಲ್) ನೋಡಿ ತಿರುಗುವ ರಿಲೇ ಆದರೆ ಮಾತಿನ ನಡುವೆ ಅದೂ ಟಕಟಕ ಅಂತಿರುತ್ತದೆ. ಸಿಡಬ್ಲ್ಯು ಕ್ಯಾರಿಯರ್ (ಮೋರ್ಸ್ ಮೋಡ್‌ನ ಒಂದೇ ಸಮನಾದ ಸಿಗ್ನಲ್) ಬಿಡಿ. ಎರಡು ಮೂರು ಸೆಕೆಂಡ್ ಸಾಕು.

ಡಮ್ಮಿ ಲೋಡ್‌ನಲ್ಲೂ 2.8 ಇದ್ದರೆ ತಪ್ಪು ಪೂರ್ತಿ ಇನ್‌ಪುಟ್‌ದು. ಡಮ್ಮಿ ಲೋಡ್‌ನಲ್ಲಿ ಚೆನ್ನಾಗಿದ್ದು ಆಂಟೆನಾ ಹಾಕಿದಾಗ ಮಾತ್ರ ಏರಿದರೆ ಕಥೆ ಬೇರೆ. ಈ ಆಂಪ್‌ಗಳಲ್ಲಿ ಡ್ರೇನ್‌ನಿಂದ (ಔಟ್‌ಪುಟ್ ಕಾಲಿನಿಂದ) ಗೇಟ್‌ಗೆ ಫೀಡ್‌ಬ್ಯಾಕ್ ಇರುತ್ತದೆ. ಔಟ್‌ಪುಟ್ ಲೋಡ್ ಬದಲಾದರೆ ಇನ್‌ಪುಟ್ಟೂ ಸ್ವಲ್ಪ ಬದಲಾಗುತ್ತದೆ. ಅಥವಾ ಕೋಆಕ್ಸ್‌ನ ಹೊರಮೈ ಮೇಲೆ ಆರ್‌ಎಫ್ ಹರಿದು ರೂಮಿನೊಳಗೆ ಬರುತ್ತಿರಬಹುದು. ಪ್ಯಾಚ್ ಕೇಬಲ್ ಉದ್ದ ಬದಲಿಸಿದಾಗ, ಕೈಯಿಂದ ಹಿಡಿದಾಗ ರೀಡಿಂಗ್ ಬದಲಾದರೆ ಅದೇ ಅನುಮಾನ. ಫೆರೈಟ್ ಚೋಕ್ ಹಾಕಿ ನೋಡಿ.

ನ್ಯಾನೊವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದರೆ ಒಂದು ಎಚ್ಚರಿಕೆ. ಅದನ್ನು ಆನ್ ಆಗಿರುವ ಆಂಪ್‌ನ ಔಟ್‌ಪುಟ್ ಕಡೆ ಸಿಕ್ಕಿಸಬೇಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬಹುದು. ಇನ್‌ಪುಟ್ ಅಳೆಯೋಕೂ ಅದು ಅಷ್ಟು ನಂಬಿಕೆಯ ಸಾಕ್ಷಿಯಲ್ಲ. ಅದು ಬಿಡೋದು ಮಿಲಿವಾಟ್‌ಗಿಂತ ಕಡಿಮೆ. ನಿಜವಾದ ಡ್ರೈವ್ ಬಿದ್ದಾಗ, ಬಯಾಸ್ ಆನ್ ಇದ್ದಾಗ ಗೇಟ್ ಬೇರೆ ಥರ ವರ್ತಿಸುತ್ತದೆ.

ಇನ್‌ಪುಟ್‌ದೇ ತಪ್ಪು ಅಂತ ಖಾತ್ರಿಯಾದರೆ ಮುಚ್ಚಳ ತೆಗೆದು ಸುಟ್ಟ ರೆಸಿಸ್ಟರ್ ಇದೆಯಾ ನೋಡಿ. ಎಲ್ಲಾ ಸರಿ ಇದ್ದರೆ ನನ್ನ ಸಲಹೆ ಒಂದೇ: ಆಂಪ್‌ನ ಇನ್‌ಪುಟ್‌ಗೆ 3 ಡಿಬಿ ಪ್ಯಾಡ್, ಅಂದರೆ ಪವರ್ ಅರ್ಧಕ್ಕಿಳಿಸುವ ರೆಸಿಸ್ಟರ್‌ಗಳ ಜೋಡಣೆ. ಟ್ರಾನ್ಸ್‌ಫಾರ್ಮರ್ ಮತ್ತೆ ಸುತ್ತಿ, ಕೆಪಾಸಿಟರ್ ಬದಲಿಸಿ ಕೂರುವವರೂ ಇದ್ದಾರೆ. ಅದು ಒಂದು ಬ್ಯಾಂಡಿಗೆ ಸರಿ. ನಾಲ್ಕು ಬ್ಯಾಂಡ್ ಬೇಕಿದ್ದರೆ ತಲೆನೋವು. ಪ್ಯಾಡ್ ಮೂಲಕ ಹೋಗುವ ಪವರ್ ಅರ್ಧವಾಗುತ್ತದೆ. ತಿರುಗಿ ಬರುವ ಪವರ್ ಇನ್ನೊಮ್ಮೆ ಅರ್ಧವಾಗುತ್ತದೆ. ಹಾಗಾಗಿ ರಿಗ್ಗಿಗೆ ನಿಮ್ಮ 2.8 ಸುಮಾರು 1.6 ಆಗಿ ಕಾಣುತ್ತದೆ. ಇನ್ನೂ ಒಳ್ಳೆ ಮಾತು ಅಂದರೆ, ಆಂಪ್ ಒಳಗೆ ಏನೇ ಸತ್ತರೂ, ಇನ್‌ಪುಟ್ ಶಾರ್ಟ್ ಆದರೂ, ರಿಗ್ 3ಕ್ಕಿಂತ ಜಾಸ್ತಿ ನೋಡೋದಿಲ್ಲ.

ಕಟ್ಟೋದು ಒಂದು ಸಂಜೆಯ ಕೆಲಸ. ಲೆಕ್ಕದಲ್ಲಿ ಬರೋದು ಎರಡು ಬದಿಗೆ ನೆಲಕ್ಕೆ (ಗ್ರೌಂಡ್‌ಗೆ) 292 ಓಮ್, ನಡುವೆ 17.6 ಓಮ್. ಅಂಗಡಿಯಲ್ಲಿ ಅದನ್ನು ಕೇಳಿದರೆ ನಗುತ್ತಾರೆ. ನಾನು ಹುಬ್ಬಳ್ಳಿಗೆ ಹೋದಾಗ 1 ವಾಟಿನ 150 ಓಮ್ ನಾಲ್ಕು, 56 ಓಮ್ ಮೂರು ತಂದೆ. 150 ಎರಡೆರಡು ಸರಣಿಯಾಗಿ ಸೇರಿಸಿದರೆ ಒಂದೊಂದು ಬದಿಗೆ 300. 56 ಮೂರನ್ನೂ ಪಕ್ಕಪಕ್ಕ ಸೇರಿಸಿದರೆ ನಡುವಿಗೆ 18.7. ಒಟ್ಟು 51 ಓಮ್ ಹತ್ತಿರ ಬರುತ್ತದೆ. 5 ವಾಟ್ ಹಾಕಿದರೆ ಅದರಲ್ಲಿ ಎರಡೂವರೆ ವಾಟ್ ಈ ಏಳು ರೆಸಿಸ್ಟರ್‌ಗಳಲ್ಲೇ ಬಿಸಿಯಾಗಿ ಹೋಗುತ್ತದೆ. ಹಂಚಿಹೋಗುವುದರಿಂದ ಯಾವುದಕ್ಕೂ ಅರ್ಧ ವಾಟ್ ಮೀರೋದಿಲ್ಲ. ಕಾರ್ಬನ್ ಫಿಲ್ಮ್ ಅಥವಾ ಮೆಟಲ್ ಆಕ್ಸೈಡ್ ಕೇಳಿ. ಬಿಳಿ ಸಿಮೆಂಟ್ ಮೈಯದ್ದು ಕೊಟ್ಟರೆ ಬೇಡ ಅನ್ನಿ, ಅದರೊಳಗೆ ಸಾಮಾನ್ಯವಾಗಿ ತಂತಿಯ ಸುರುಳಿ ಇರುತ್ತದೆ, ಆರ್‌ಎಫ್‌ಗೆ ಅದು ಕಾಯಿಲ್ ಆಗಿಬಿಡುತ್ತದೆ. ಕಾಲುಗಳು ಗಿಡ್ಡ ಇರಲಿ. ತಗಡಿನ ಡಬ್ಬಿಯೊಳಗೆ ಕೂರಿಸಿ. ಪೇಡೆ ಡಬ್ಬಿ ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅದು ರಟ್ಟಿನದು.

ಆಂಪ್ ಒಳಗೆ, ರಿಲೇ ಆದ ಮೇಲೆ ಜಾಗ ಇದ್ದರೆ ಪ್ಯಾಡ್ ಅಲ್ಲಿಡಿ. ಹೊರಗೆ ರಿಗ್ಗಿಗೂ ಆಂಪ್‌ಗೂ ನಡುವೆ ಇಟ್ಟರೆ ರಿಸೀವ್‌ನಲ್ಲೂ 3 ಡಿಬಿ ಹೋಗುತ್ತದೆ. 40 ಮೀಟರ್‌ನ ಗದ್ದಲದಲ್ಲಿ ಅದು ಗೊತ್ತೂ ಆಗೋದಿಲ್ಲ, ಆದರೂ.

"ಅಯ್ಯೋ, ಡ್ರೈವ್ ಅರ್ಧ ಆಗುತ್ತಲ್ಲ" ಅಂತೀರಾ? 45 ವಾಟ್ ಬರುತ್ತಿದ್ದದ್ದು 25 ಬಂದರೆ ಎರಡೂವರೆ ಡಿಬಿ ಕಡಿಮೆ. ಒಂದು ಎಸ್ ಯೂನಿಟ್ (ಸಿಗ್ನಲ್ ಮೀಟರಿನ ಒಂದು ಅಂಕ) ಅಂದರೆ 6 ಡಿಬಿ. ಬೆಳಗಿನ ನೆಟ್‌ನಲ್ಲಿ (ಹ್ಯಾಮ್‌ಗಳು ರೇಡಿಯೊದಲ್ಲಿ ಸೇರುವ ಹೊತ್ತು) ಆಚೆಯವರಿಗೆ ಅರ್ಧ ಎಸ್ ಯೂನಿಟ್‌ನ ವ್ಯತ್ಯಾಸವೂ ಕಾಣೋದಿಲ್ಲ. ಹಿಂಡಿ ಹಿಂಡಿ 50 ವಾಟ್ ತೆಗೆಯೋದಕ್ಕಿಂತ ಸ್ವಚ್ಛವಾದ 25 ವಾಟ್ ನನಗೆ ಇಷ್ಟ. ಹೇಗೂ ನಿಮ್ಮ ಲೈಸೆನ್ಸಿನಲ್ಲಿ ಎಷ್ಟು ವಾಟ್‌ಗೆ ಅನುಮತಿ ಇದೆ ಅಂತಲೂ ಒಮ್ಮೆ ನೋಡಿಕೊಳ್ಳಿ. ನಿಮ್ಮ ಗೆಳೆಯರ ಹತ್ತಿರ 10 ವಾಟಿನ ರಿಗ್ ಇದ್ದರೆ ಅವರಿಗೆ 6 ಡಿಬಿ ಪ್ಯಾಡ್ ಹೇಳಿ: ಬದಿಗೆ 150, ನಡುವೆ 37 ಓಮ್. ಅದರಲ್ಲಿ ಏಳೂವರೆ ವಾಟ್ ಬಿಸಿ ಹುಟ್ಟುತ್ತದೆ, ದೊಡ್ಡ ರೆಸಿಸ್ಟರ್ ಬೇಕು.

ಇನ್ನು ಟ್ಯೂನರ್. ಒತ್ತಬೇಡಿ, ಆಂಪ್ ಆನ್ ಇರುವಾಗ ಅಂತೂ ಬೇಡವೇ ಬೇಡ. ಟ್ಯೂನರ್ ಹುಡುಕುತ್ತಾ ಹೋದಂತೆ ಡ್ರೈವ್ ಏರಿಳಿಯುತ್ತದೆ, ಆಂಪ್‌ನ ರಿಲೇ ಪವರ್ ಹರಿಯುತ್ತಿರುವಾಗಲೇ ಬಡಿದುಕೊಳ್ಳುತ್ತದೆ, ಕಾಂಟ್ಯಾಕ್ಟ್ ಸುಡುತ್ತದೆ. ಅದು ಹೇಗೋ 1.1 ತೋರಿಸಿದರೂ ಮ್ಯಾಚ್ ಆಗಿರೋದು ಆಂಪ್‌ನ ಇನ್‌ಪುಟ್. ಆಂಟೆನಾ ಬೀಗ ಹಾಕಿದ ಬಾಗಿಲ ಆಚೆ ಇದ್ದ ಹಾಗೆ, ಟ್ಯೂನರಿಗೆ ಅದು ಕಾಣೋದೇ ಇಲ್ಲ. ನಾಳೆ ಗಾಳಿಗೆ ವೈರ್ ಕಡಿದರೂ ರಿಗ್ಗಿನ ಮೀಟರ್ ಬಹುಶಃ ನಗುತ್ತಲೇ ಇರುತ್ತದೆ, ಆಂಪ್ ಮಾತ್ರ ಸಾಯುತ್ತದೆ. ಆಂಟೆನಾಗೆ ಟ್ಯೂನರ್ ಬೇಕೇ ಬೇಕು ಅಂದರೆ ಆಂಪ್ ಆದ ಮೇಲೆ, ಅಷ್ಟು ವಾಟ್ ತಡೆಯುವಂಥದ್ದನ್ನು ಹಾಕಿ. ಆಂಪ್‌ನಲ್ಲಿ ಪಿಟಿಟಿ (ಟ್ರಾನ್ಸ್‌ಮಿಟ್ ಸ್ವಿಚ್‌ನ) ಜ್ಯಾಕ್ ಇದ್ದರೆ ಅದನ್ನೂ ಬಳಸಿ. ಆರ್‌ಎಫ್ ಬಂದ ಮೇಲೆ ರಿಲೇ ತಿರುಗೋದಕ್ಕಿಂತ, ತಿರುಗಿದ ಮೇಲೆ ಆರ್‌ಎಫ್ ಬರೋದು ಎಷ್ಟೋ ವಾಸಿ.

ಪ್ಯಾಡ್ ಹಾಕಿದ ಮೇಲೆ ನನ್ನದು 40 ಮೀಟರ್‌ನಲ್ಲಿ 1.2, 15 ಮೀಟರ್‌ನಲ್ಲಿ 1.7. ಕತ್ತರಿಸಿದ ಎರಡು ಗೇಣು ವೈರನ್ನು ಮತ್ತೆ ಬೆಸುಗೆ ಹಾಕಿ ಸೇರಿಸಿದ್ದೇನೆ. ಎರಡು ತುದಿಯಲ್ಲೂ ಗಂಟು ಎದ್ದು ಕಾಣುತ್ತದೆ. ಕಾಕಾ ಈಗಲೂ ನಮ್ಮದು ಡಿಶ್ ಅಂತಲೇ ತಿಳಿದಿದ್ದಾರೆ. ಡಮ್ಮಿ ಲೋಡ್ ಹಾಕಿದಾಗ ಎಷ್ಟು ಬಂತು ಅಂತ ಬರೆಯಿರಿ, ಯಾವ ಬ್ಯಾಂಡ್ ಅಂತಲೂ ಹೇಳಿ.