ಫ್ರಂಟ್ ಫೋರ್ಕ್ ಆಯಿಲ್ ಸೋರುತ್ತಿದೆ, ಸೀಲ್ ಮಾತ್ರ ಬದಲಾಯಿಸಿದರೆ ಸಾಕಾ?

ನಿಮ್ಮ ಟೂರಿಂಗ್ ಬೈಕಿನ ಬಲಗಡೆ ಫೋರ್ಕಿನಲ್ಲಿ (ಮುಂದಿನ ಚಕ್ರ ಹಿಡಿಯುವ ಶಾಕ್ ಅಬ್ಸಾರ್ಬರ್ ಕಾಲು) ಆಯಿಲ್ ಒಸರುತ್ತಿದೆ, ದೇವರಾಯನದುರ್ಗ ಇಳಿಯುವಾಗ ಬ್ರೇಕ್ ಹಿಡಿದರೆ ಮುಂಭಾಗ ಪೂರ್ತಿ ಕುಸಿಯುತ್ತೆ, ಗ್ಯಾರೇಜಿನವರು ಆ ಕಡೆಗೆ ಒಂದು ಸೀಲ್ (ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಉಂಗುರ) ಹಾಕಿಕೊಡ್ತೀವಿ ಅಂದಿದ್ದಾರೆ, ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಸೀಲ್ ಯಾಕೆ ಹೋಯಿತು ಅಂತ ನೋಡದೆ ಹೊಸದು ಹಾಕಿದರೆ ಅದೂ ಬೇಗ ಹೋಗುತ್ತದೆ. ನಾನೂ ತುಮಕೂರಿನವನೇ, ಫೋರ್ಕ್ ಕೆಲಸ ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಬ್ರೇಕ್ ನೋಡಿ. ಆಯಿಲ್ ಕೆಳಗಿಳಿದು ಡಿಸ್ಕ್ ಅಥವಾ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಮುಟ್ಟಿದ್ದರೆ ಗಾಡಿ ಓಡಿಸಲೇಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು, ಆದರೆ ಆಯಿಲ್ ಕುಡಿದ ಬ್ರೇಕ್ ಪ್ಯಾಡ್ ಮತ್ತೆ ಸರಿಹೋಗಲ್ಲ, ಹೊಸದೇ ಹಾಕಬೇಕು.

ಆಮೇಲೆ ಆಯಿಲ್ ಸೀಲಿನ ಮೇಲೆ ಧೂಳು ತಡೆಯಲು ಇರುವ ಡಸ್ಟ್ ಸೀಲ್ ಮೆಲ್ಲಗೆ ಮೇಲೆತ್ತಿ ಒಳಗೆ ಏನಿದೆ ನೋಡಿ. ಪಾವಗಡ, ಮಧುಗಿರಿ ಕಡೆ ಸುತ್ತಾಡುವ ಗಾಡಿಗಳಲ್ಲಿ ಅಲ್ಲಿ ಕೆಂಪು ಧೂಳು ಆಯಿಲ್ ಜೊತೆ ಕಲೆತು ಪೇಸ್ಟ್ ಥರ ಕೂತಿರುತ್ತದೆ. ಒಂದೊಂದು ಸಲ ಸೀಲ್ ಚೆನ್ನಾಗೇ ಇರುತ್ತೆ, ಅದರ ತುಟಿಯಲ್ಲಿ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ ಅಷ್ಟೇ. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೊಕ್ಕೆಯ ಹಾಗೆ ಕತ್ತರಿಸಿ, ಸೀಲಿನ ಒಳಗೆ ತೂರಿಸಿ ಸುತ್ತಲೂ ಒಂದು ಸಲ ಎಳೆದರೆ ಕಸ ಹೊರಗೆ ಬರುತ್ತದೆ. ಪೈಪ್ ಒರೆಸಿ ಫೋರ್ಕನ್ನು ಹತ್ತಾರು ಸಲ ಅದುಮಿ ನೋಡಿ. ಆಯಿಲ್ ಉಂಗುರ ಮತ್ತೆ ಬಂದರೆ ಬಿಚ್ಚಲೇಬೇಕು.

ಅಸಲಿ ವಿಷಯ ಇರೋದು ಆ ಹೊಳೆಯುವ ಪೈಪಿನಲ್ಲಿ. ಸೀಲ್ ಓಡಾಡುವ ಜಾಗದಲ್ಲಿ ಉಗುರನ್ನು ಮೇಲಿಂದ ಕೆಳಕ್ಕೆ, ಸುತ್ತಲೂ, ನಿಧಾನವಾಗಿ ಸವರಿ. ಕಣ್ಣಿಗೆ ಕಾಣದ ಗೀರು ಉಗುರಿಗೆ ತಗಲುತ್ತದೆ. ಕಲ್ಲು ಸಿಡಿದು ಎದ್ದ ಸಣ್ಣ ಮುಳ್ಳಾದರೆ ತುಂಬಾ ನಯವಾದ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಉಜ್ಜಿ ಸಮ ಮಾಡಬಹುದು. ಕ್ರೋಮ್ ಎದ್ದು ತುಕ್ಕಿನ ಗುಳಿ ಬಿದ್ದಿದ್ದರೆ ಮಾತ್ರ ಪೈಪ್ ಬದಲಾಯಿಸಿ ಅಥವಾ ಅದಕ್ಕೆ ಮತ್ತೆ ಗಟ್ಟಿ ಕ್ರೋಮ್ ಲೇಪನ (ಹಾರ್ಡ್ ಕ್ರೋಮ್) ಮಾಡಿಸಿ. ಆ ಗುಳಿ ಪ್ರತಿ ಸಲವೂ ಸೀಲಿನ ತುಟಿ ಕೊಯ್ಯುತ್ತದೆ, ಎಷ್ಟು ಒಳ್ಳೆ ಸೀಲ್ ಹಾಕಿದರೂ ನಿಲ್ಲಲ್ಲ.

ಇನ್ನು ಮುಂಭಾಗ ಕುಸಿಯುವುದು. ಸ್ಪ್ರಿಂಗ್ ಭಾರ ಹೊರುತ್ತದೆ, ಅದು ಎಷ್ಟು ಬೇಗ ಅದುಮಬೇಕು, ಎಷ್ಟು ನಿಧಾನ ವಾಪಸ್ ಬರಬೇಕು ಅನ್ನೋದನ್ನು ಆಯಿಲ್ ನೋಡಿಕೊಳ್ಳುತ್ತದೆ. ಹಳೇ ಆಯಿಲ್ ತೆಳ್ಳಗಾಗಿ ಆ ಹಿಡಿತ ಕಳೆದುಕೊಳ್ಳುತ್ತದೆ. ಫೋರ್ಕಿನ ಎರಡೂ ಕಾಲಿನ ಆಯಿಲ್ ಒಂದೇ ವಯಸ್ಸಿನದು, ಹಾಗಾಗಿ ಸೀಲೂ ಆಯಿಲೂ ಎರಡೂ ಕಡೆ ಬದಲಾಯಿಸಿ. ಒಂದೇ ಕಡೆ ಮಾಡುವ ಕೆಲಸ ನನಗೆ ಒಂಚೂರೂ ಇಷ್ಟ ಇಲ್ಲ. ಯಾವ ಗ್ರೇಡಿನ ಫೋರ್ಕ್ ಆಯಿಲ್ ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ, ಅದೇ ಹಾಕಿ. ಇಂಜಿನ್ ಆಯಿಲ್ ಸುರಿಯಲು ಬಿಡಬೇಡಿ.

ಮನೆಯಲ್ಲಿ ಮಾಡೋದಾದರೆ ಮುಂದಿನ ಚಕ್ರ ನೆಲ ಬಿಡುವ ಹಾಗೆ ಬೈಕನ್ನು ಗಟ್ಟಿಯಾಗಿ ನಿಲ್ಲಿಸಿ. ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿ, ಹೋಸ್ ಮೇಲೆ ಭಾರ ಬೀಳಬಾರದು, ಬ್ರೇಕ್ ಲಿವರ್ ಯಾರೂ ಮುಟ್ಟಬಾರದು. ಫೋರ್ಕಿನ ಮೇಲಿನ ಮುಚ್ಚಳವನ್ನು ಪೈಪ್ ಇನ್ನೂ ಅದನ್ನು ಹ್ಯಾಂಡಲ್ ಹತ್ತಿರ ಹಿಡಿದಿರುವ ಕ್ಲಾಂಪಿನಲ್ಲಿ ಇರುವಾಗಲೇ, ಮೇಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಸ್ವಲ್ಪ ಮಾತ್ರ ಲೂಸ್ ಮಾಡಿಕೊಳ್ಳಿ. ಆಮೇಲೆ ಪೂರ್ತಿ ಬಿಚ್ಚುವಾಗ ಮುಖ ದೂರ ಇಟ್ಟು ಮೇಲಿಂದ ಒತ್ತಿ ಹಿಡಿಯಿರಿ, ಒಳಗಿನ ಸ್ಪ್ರಿಂಗ್ ಮುಚ್ಚಳವನ್ನು ಎಗರಿಸುತ್ತದೆ.

ಹೊಸ ಸೀಲ್ ತೂರಿಸುವ ಮೊದಲು ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಫೋರ್ಕ್ ಆಯಿಲ್ ಸವರಿ. ಇಲ್ಲದಿದ್ದರೆ ಆ ಅಂಚೇ ಸೀಲ್ ಕತ್ತರಿಸುತ್ತದೆ. ಕೂರಿಸಲು ಅದೇ ಅಗಲದ ಪಿವಿಸಿ ಪೈಪ್ ತುಂಡು ಸಾಕು, ಸುತ್ತಲೂ ಸಮವಾಗಿ ತಟ್ಟಿ, ಸೀಲಿನ ಮೇಲೆ ಲಾಕ್ ರಿಂಗ್ ಕೂರುವ ತೋಡು ಪೂರ್ತಿ ಕಾಣುವವರೆಗೆ ಇಳಿಸಿ. ತಳದ ಬೋಲ್ಟಿನ ತಾಮ್ರದ ವಾಷರ್ ಹಳೇದು ಹಾಕಬೇಡಿ, ಸೋರುವ ಎರಡನೇ ಜಾಗ ಅದೇ.

ಆಯಿಲನ್ನು ಮಿಲಿಲೀಟರ್ ಲೆಕ್ಕದಲ್ಲಿ ಸುರಿದು ಸುಮ್ನೆ ಮುಚ್ಚಬೇಡಿ, ಒಳಗೆ ಹಳೇದು ಸ್ವಲ್ಪ ಉಳಿದಿರುತ್ತದೆ. ಫೋರ್ಕನ್ನು ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆ ನಿಲ್ಲುವವರೆಗೆ. ಮ್ಯಾನುಯಲ್ ಬೇರೆ ಹೇಳದಿದ್ದರೆ ಸ್ಪ್ರಿಂಗ್ ಹೊರಗಿಟ್ಟು ಪೈಪನ್ನು ಪೂರ್ತಿ ಕೆಳಗಿಳಿಸಿ, ಮೇಲಿನ ಅಂಚಿನಿಂದ ಆಯಿಲಿನವರೆಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ಆ ಅಳತೆಗೆ ಗುರುತು ಮಾಡಿ ಇಳಿಬಿಟ್ಟರೆ ಜಾಸ್ತಿ ಇರೋದನ್ನು ಎಳೆದುಕೊಳ್ಳಬಹುದು. ಆಯಿಲ್ ಮೇಲೆ ಉಳಿಯುವ ಗಾಳಿಯೂ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಆಯಿಲ್ ಕಡಿಮೆಯಾದರೆ ಹಂಪಿನಲ್ಲಿ ತಳ ಬಡಿಯುತ್ತೆ, ಜಾಸ್ತಿಯಾದರೆ ಕೊನೆಯಲ್ಲಿ ಕಲ್ಲಾಗಿ ಸೀಲ್ ಮೇಲೆ ಒತ್ತಡ ಬೀಳುತ್ತೆ. ಎರಡೂ ಕಡೆ ಒಂದೇ ಮಟ್ಟ ಇರಲಿ.

ಚಕ್ರ ಹಾಕಿದ ಮೇಲೆ ಆಕ್ಸಲ್ ಬಿಗಿ ಮಾಡಿ, ಬೈಕ್ ನೆಲಕ್ಕಿಳಿಸಿ, ಬ್ರೇಕ್ ಲಿವರ್ ಒತ್ತಿ ಒತ್ತಿ ಗಟ್ಟಿ ಬರಿಸಿಕೊಳ್ಳಿ. ನಂತರ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಅದುಮಿ, ಆಮೇಲೆ ಫೋರ್ಕಿನ ತುದಿಯಲ್ಲಿ ಆಕ್ಸಲನ್ನು ಅದುಮಿ ಹಿಡಿಯುವ ಪಿಂಚ್ ಬೋಲ್ಟ್ ಬಿಗಿ ಮಾಡಿ. ಆಗ ಎರಡೂ ಕಾಲು ತಮ್ಮ ಜಾಗಕ್ಕೆ ಕೂರುತ್ತವೆ.

ನಿಮ್ಮದು ಅಪ್‌ಸೈಡ್ ಡೌನ್ ಫೋರ್ಕ್ (ದಪ್ಪ ಭಾಗ ಮೇಲೆ, ಹೊಳೆಯುವ ಪೈಪ್ ಕೆಳಗೆ ಇರುವ ತಲೆಕೆಳಗಾದ ಫೋರ್ಕ್) ಆಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಸಾಮಾನ್ಯವಾಗಿ ಅದರ ಸ್ಪ್ರಿಂಗ್ ಅದುಮಲು ಬೇರೆ ಟೂಲ್ ಬೇಕು. ಗ್ಯಾರೇಜಿಗೇ ಕೊಡಿ, ಆದರೆ ಪೈಪ್ ಬಿಚ್ಚಿದಾಗ ಫೋನ್ ಮಾಡಿ ಅಂತ ಮೊದಲೇ ಹೇಳಿ, ಹೋಗಿ ನೀವೇ ಉಗುರಾಡಿಸಿ ನೋಡಿ.